ಮೇಸ್ತ್ರಿ ಮಗಳ ಕುರ್ಚಿ

"ಮುಟ್ಟಬೇಡಿ! ಅಲ್ಲೇ ನಿಲ್ಲಿ!"

ಅವಳು ಕಿರುಚಿದ ರಭಸಕ್ಕೆ ಟ್ಯಾಕ್ಸಿ ಡ್ರೈವರ್ ಕೂಡ ಬೆಚ್ಚಿಬಿದ್ದು ಸ್ಟೇರಿಂಗ್ ಮೇಲಿನ ಕೈ ತೆಗೆದ.

ಹಿಂದಿನ ಸೀಟಿನಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದ ಅವಳ ಅಪ್ಪ ಕುಳಿತಿದ್ದರು. ಮುಖಕ್ಕೆ ಮಾಸ್ಕು, ಕೂದಲುದುರಿದ ತಲೆಗೆ ಉಣ್ಣೆಯ ಟೋಪಿ, ನಡುವೆ ಎರಡು ದಣಿದ ಕಣ್ಣುಗಳು. ಅವರನ್ನು ಎತ್ತಿ ಇಳಿಸಲೆಂದು ಎರಡೂ ಕೈ ಚಾಚಿ ನಿಂತವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಎತ್ತರದ ಆಳು. ತಲೆಗೂದಲು, ಹುಬ್ಬು, ತೋಳು, ಅಂಗಿ... ಎಲ್ಲೆಲ್ಲೂ ಮರದ ಪುಡಿ!

"ಮೇಸ್ತ್ರೀನ ಇಳಿಸೋಣ ಅಂತ..." ಅವನು ತಡವರಿಸಿದ.

"ನೀವು ಯಾರಾದ್ರೂ ಆಗಿರಿ. ಮೈತುಂಬಾ ಧೂಳು ಇಟ್ಕೊಂಡು ನಮ್ಮಪ್ಪನ ಹತ್ರ ಬಂದ್ರೆ ನಾನು ಸುಮ್ನಿರಲ್ಲ!"

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಮಾಸ್ಕಿನ ಒಳಗಿನಿಂದ ಅಪ್ಪನ ನಗು ಕೇಳಿಸಿತು. ಆಸ್ಪತ್ರೆಗೆ ಸೇರಿದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

"ಪುಟ್ಟೀ, ಇವನು ನನ್ನ ಶಿಷ್ಯ ಕಣೇ. ನೀನು ಬೇರೆ ಊರಲ್ಲಿ ಕೆಲಸಕ್ಕಿದ್ದಾಗ ನನ್ನ ಹತ್ರ ಮರಗೆಲಸ ಕಲಿತವನು. ಅರ್ಧಕ್ಕೆ ನಿಂತಿರೋ ಕೆಲಸ ಮುಗಿಸಿಕೊಡು ಅಂತ ನಾನೇ ಕರೆಸಿದ್ದು."

"ಇರ್ಲಿ ಅಪ್ಪಾ. ಶಿಷ್ಯ ಆದ್ರೂ ಸ್ನಾನ ಮಾಡ್ಕೊಂಡು ಬರ್ಲಿ."

ಪ್ರೀತಿ ಶುರುವಾಗಲು ಇದಕ್ಕಿಂತ ಕೆಟ್ಟ ಗಳಿಗೆ ಸಿಗಲಾರದು. ಆದರೆ ಅದಕ್ಕೆ ಗಳಿಗೆ ನೋಡಿ ಬರುವ ಬುದ್ಧಿ ಎಲ್ಲಿದೆ?

ಅವಳ ಅಪ್ಪನಿಗೆ ರಕ್ತದ ಕ್ಯಾನ್ಸರ್. ಮೊದಮೊದಲು ಬರೀ ಸುಸ್ತು ಅಂದುಕೊಂಡಿದ್ದರು. ಆಮೇಲೆ ಒಸಡಿನಲ್ಲಿ ರಕ್ತ, ತೊಡೆಯ ಮೇಲೆ ಕಾರಣವಿಲ್ಲದ ನೀಲಿ ಕಲೆಗಳು. ಪರೀಕ್ಷೆಯ ಫಲಿತಾಂಶವನ್ನು ಅವಳು ಎರಡೆರಡು ಸಲ ಓದಿಕೊಂಡಳು. ಅಮ್ಮ ಹೋದ ಮೇಲೆ ಅವಳಿಗೆ ಇದ್ದವರು ಅಪ್ಪ ಒಬ್ಬರೇ.

"ಕೀಮೋ ಕೆಟ್ಟ ಕಣಗಳ ಜೊತೆ ಒಳ್ಳೇವನ್ನೂ ಕೊಲ್ಲುತ್ತೆ," ಎಂದಿದ್ದರು ಡಾಕ್ಟರಮ್ಮ. "ಸದ್ಯಕ್ಕೆ ಇವರ ಮೈಗೆ ಕಾವಲು ಅನ್ನೋದೇ ಇಲ್ಲ. ಒಂದು ನೆಗಡಿ ಕೂಡ ಅಪಾಯ. ಹುಷಾರು."

ಆ ಮಾತು ಅವಳ ಎದೆಯಲ್ಲಿ ಕೊರೆದಿಟ್ಟಂತೆ ಕೂತಿತ್ತು. ಹೂವು ಬೇಡ, ಸಿಪ್ಪೆ ಸಹಿತ ಹಣ್ಣು ಬೇಡ, ನೆಂಟರು ಬೇಡ, ಧೂಳಂತೂ ಬೇಡವೇ ಬೇಡ! ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಗಾಜಿನ ಮೇಲಿನ ಧೂಳು ಒರೆಸಿ ಒರೆಸಿ, ಬೇರೆಯವರ ಕಣ್ಣಿಗೆ ಬೀಳದ ಕಣವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಮನೆಯ ಹಿಂದೆಯೇ ಅಪ್ಪನ ಮರಗೆಲಸದ ಶೆಡ್ಡು, ಮನೆಯೊಳಗೆ ಇಂಥ ರೋಗಿ. ಅವಳ ನಿದ್ದೆ ಹಾರಿಹೋಗಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಅವಳು ಬೆರಗಾದಳು. ಹಿತ್ತಲಿನ ನಲ್ಲಿಯ ಪಕ್ಕ ಒಂದು ಮೊಳೆ, ಮೊಳೆಗೆ ಬಿಗಿಯಾಗಿ ಕಟ್ಟಿದ ಚೀಲ, ಚೀಲದೊಳಗೆ ಇಸ್ತ್ರಿ ಮಾಡಿದ ಅಂಗಿ. ಶೆಡ್ಡಿನ ಕಿಟಕಿಗಳಿಗೆಲ್ಲ ಒದ್ದೆ ಗೋಣಿ. ಬಡಗಿ ಮೊಣಕೈವರೆಗೂ ಸೋಪು ಹಚ್ಚಿಕೊಂಡು ತಿಕ್ಕುತ್ತಿದ್ದ.

"ಇಷ್ಟು ಸಾಕಾ, ಸೋಪು ಮೇಡಂ?"

"ಏನಂದ್ರಿ?"

"ಸೋಪು ಮೇಡಂ ಅಂತ ಹೆಸರು ಇಟ್ಟಿದ್ದು ನಾನಲ್ಲ. ಮೇಸ್ತ್ರಿ."

ಒಳಗಿನಿಂದ ಮತ್ತೆ ಅಪ್ಪನ ನಗು. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಆದರೆ ಅಡುಗೆಮನೆ ಸೇರಿದ ಮೇಲೆ ತುಟಿಯ ಅಂಚು ಅವಳ ಮಾತು ಕೇಳಲಿಲ್ಲ.

ಎರಡನೇ ಸುತ್ತಿನ ಕೀಮೋ ಆದ ಮೇಲೆ ಅಪ್ಪನ ಬಾಯೊಳಗೆಲ್ಲ ಹುಣ್ಣು. ಗಂಜಿಯೂ ಸೇರದು. ಚಮಚ ಬಾಯಿಗಿಟ್ಟರೆ ಮುಖ ಕಿವುಚುತ್ತಿದ್ದರು.

"ಕಬ್ಬಿಣ ನೆಕ್ಕಿದ ಹಾಗೆ ಆಗುತ್ತೆ ಪುಟ್ಟಿ. ಬೇಡ... ದಮ್ಮಯ್ಯ, ಬೇಡ."

ಸಂಜೆ ಬಡಗಿ ಕಿಟಕಿಯಾಚೆ ನಿಂತು ಗಾಜು ತಟ್ಟಿದ. ಕೈಯಲ್ಲಿ ಒಂದು ಪುಟ್ಟ ಮರದ ಚಮಚ.

"ಮರದ ಚಮಚಾನಾ? ಅದರ ಸಂದೀಲಿ ಏನೇನು ಸೇರ್ಕೊಂಡಿರುತ್ತೋ!"

"ಕುದಿಸಿ ತಂದಿದ್ದೀನಿ. ನಂಬಿಕೆ ಇಲ್ದಿದ್ರೆ ನೀವೂ ಒಂದ್ಸಲ ಕುದಿಸಿ. ಹೊತ್ತು ಹೊತ್ತಿಗೂ ಹೊಸದು ಮಾಡಿಕೊಡ್ತೀನಿ, ಒಂದ್ಸಲ ತಿಂದು ಎಸೀರಿ."

ಅವಳು ಕುದಿಸಿದಳು. ಅಪ್ಪ ಆ ದಿನ ಅರ್ಧ ಬಟ್ಟಲು ಗಂಜಿ ಕುಡಿದರು. ಅವಳು ಖಾಲಿ ಬಟ್ಟಲನ್ನು ಕಿಟಕಿಯತ್ತ ಎತ್ತಿ ತೋರಿಸಿದಳು. ಆಚೆ ನಿಂತವನು ಕಣ್ಣೊರೆಸಿಕೊಂಡಿದ್ದನ್ನು ಕಂಡು ಅವಳ ಎದೆಯೊಳಗೆ ಏನೋ ಸಡಿಲವಾಯಿತು.

'ಇವನಿಗ್ಯಾಕೆ ಅಳು ಬರಬೇಕು? ನಮ್ಮಪ್ಪ ತಾನೇ...?'

ಅಂದಿನಿಂದ ಅವಳು ಕೆಲಸದಿಂದ ಬರುವ ಹೊತ್ತಿಗೆ ಬಡಗಿ ಕಿಟಕಿಯಾಚೆ ನಿಂತು ಅಪ್ಪನೊಂದಿಗೆ ಹರಟುತ್ತಿರುತ್ತಿದ್ದ. ಅವಳು ಬಂದೊಡನೆ ಮಾತು ನಿಲ್ಲುತ್ತಿತ್ತು. "ಏನು ಮಾತಾಡ್ತಿದ್ರಿ?" ಎಂದರೆ ಗುರುಶಿಷ್ಯರಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಿದ್ದರು. ದಿನವಿಡೀ ನೋವೇ ಉಂಡ ಆ ಮನೆಯಲ್ಲಿ ಅದೊಂದು ಗಳಿಗೆಗಾಗಿ ಅವಳು ಕಾಯತೊಡಗಿದಳು. ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅಪ್ಪ ಹೀಗಿರುವಾಗ ಇದೆಲ್ಲ ಬೇಕಾ?

ಮೂರನೇ ಸುತ್ತು ಅಪ್ಪನನ್ನು ಹಿಂಡಿ ಹಿಪ್ಪೆ ಮಾಡಿತು. ಹಾಸಿಗೆಯಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ ಇಡಲು ಗೋಡೆ ಹಿಡಿಯಬೇಕು. ಅದರ ಮೇಲೆ ಬಚ್ಚಲ ಬಾಗಿಲು ಉಬ್ಬಿ ಬಿಗಿಯಾಗಿತ್ತು. ತಳ್ಳಲು ಹೋಗಿ ಒಮ್ಮೆ ಬೀಳುವುದರಲ್ಲಿದ್ದರು.

ಒಂದು ಸಂಜೆ ಅವಳು ಅಂಗಡಿಯಿಂದ ಬಂದಾಗ ಆ ಬಾಗಿಲು ಬೆರಳಲ್ಲಿ ತಳ್ಳಿದರೂ ಸರಿಯುತ್ತಿತ್ತು. ಹೊಸದಾಗಿ ಕೀಸಿದ ಅಂಚು ಬಿಳಿಚಿಕೊಂಡಿತ್ತು. ಅವಳ ಕಣ್ಣು ನೆಲಕ್ಕೆ ಹೋಯಿತು. ಅಪ್ಪನ ಕೋಣೆಯ ಹೊಸ್ತಿಲ ಬಳಿ... ಹಳದಿ ಪುಡಿ!

"ಯಾರು ಬಾಗಿಲು ಕೀಸಿದ್ದು?" ಅವಳು ಕೂಗಿದಳು.

ಕಿಟಕಿಯಾಚೆ ಇದ್ದ ಬಡಗಿ ಇಣುಕಿದ. ಆ ಪುಡಿಯನ್ನು ನೋಡಿದ. ಅವನ ಮುಖ ಬಿಳಿಚಿತು. ಆಮೇಲೆ ಮಂಚದ ಮೇಲಿದ್ದ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಗೋಡೆಯತ್ತ ತಿರುಗಿಕೊಂಡರು.

"ನಾನೇ ಮೇಡಂ... ತಪ್ಪಾಯ್ತು."

"ತಪ್ಪಾಯ್ತಾ? ಎಷ್ಟು ಸಲ ಹೇಳಿದ್ದೀನಿ? ಒಂದು ಮಾತು ಕೇಳೋಕಾಗಲ್ವಾ ನಿಮಗೆ?"

ಅವಳು ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅದೇ ವಾರ ಅಪ್ಪನಿಗೆ ಜ್ವರ ಬಂತು. ಹಲ್ಲು ಕಟಕಟನೆ ಬಡಿಯುವಷ್ಟು ಚಳಿ, ಆಮೇಲೆ ಕೆಂಡದಂಥ ಮೈ. ಬಡಗಿಯೇ ಅವರನ್ನು ಎತ್ತಿಕೊಂಡು ಟ್ಯಾಕ್ಸಿಗೆ ಹಾಕಿದ. ಈ ಸಲ ಮುಟ್ಟಬೇಡಿ ಎನ್ನಲು ಅವಳಿಗೆ ಉಸಿರಿರಲಿಲ್ಲ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಶ್ವಾಸಕೋಶಕ್ಕೆ ಫಂಗಸ್ ಹತ್ತಿದೆ. ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ, ಗಾಳೀಲೇ ಇರುತ್ತೆ. ಆದ್ರೂ ಕೇಳ್ತೀನಿ... ಮನೇಲಿ ಗೋಡೆ ಒಡೆಯೋದು, ಮರದ ಕೆಲಸ, ಹಾಗೇನಾದ್ರೂ ನಡೀತಾ?"

ಅವಳು ಎದ್ದವಳೇ ಕಾರಿಡಾರಿಗೆ ಬಂದಳು. ಬಡಗಿ ಗೋಡೆಗೊರಗಿ ನಿಂತಿದ್ದ.

"ನೆಮ್ಮದಿ ಆಯ್ತಾ ನಿಮಗೆ? ನಿಮ್ಮ ಬಾಗಿಲಿನ ಧೂಳು ನಮ್ಮಪ್ಪನ ಎದೆಯೊಳಗೆ ಕೂತಿದೆ! ಸಂತೋಷಾನಾ?"

ಕಾರಿಡಾರಿನ ಜನವೆಲ್ಲ ತಿರುಗಿ ನೋಡಿದರು. ಅವನು ತಲೆ ಎತ್ತಲಿಲ್ಲ.

"ಹೇಳಿ! ಕೀಸಿದ್ದು ನೀವಲ್ವಾ?"

"...ಹೌದು. ನಾನೇ."

"ಹಾಗಾದ್ರೆ ಹೊರಡಿ. ಶೆಡ್ಡೂ ಬೇಡ, ಶಿಷ್ಯನೂ ಬೇಡ. ಇನ್ಮೇಲೆ ನಿಮ್ಮ ಮುಖ ನನಗೆ ತೋರಿಸಬೇಡಿ!"

ಅವನು ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ಬೆಂಚಿನ ಮೇಲಿಟ್ಟ. ನಾಲ್ಕು ಹೆಜ್ಜೆ ಹೋಗಿ ನಿಂತ.

"ಒಂದೇ ಒಂದು ಮಾತು. ಶೆಡ್ಡಿನ ಮೂಲೇಲಿ ಬಟ್ಟೆ ಮುಚ್ಚಿಟ್ಟಿರೋದನ್ನ ಮಾತ್ರ ಎಸೀಬೇಡಿ."

ಅವನು ಹೋದ ದಾರಿಯನ್ನು ಅವಳು ನೋಡಲಿಲ್ಲ. ಆಸ್ಪತ್ರೆಯ ಬೆನ್ನಿಲ್ಲದ ಸ್ಟೂಲಿನ ಮೇಲೆ ಬಂದು ಕುಳಿತಳು. ಅದರ ಮೇಲೆ ಕೂತು ಕೂತು ಸೊಂಟ ಸೆಟೆದುಹೋಗಿತ್ತು. ಮಂಚದ ಕಂಬಿಗೆ ಹಣೆ ಆನಿಸಿ ಬಿಕ್ಕಿದಳು. ಅಪ್ಪನಿಗಾಗಿ ಅಳುತ್ತಿದ್ದಾಳೋ, ಅವನಿಗಾಗಿಯೋ... ಆ ಹೊತ್ತಿನಲ್ಲಿ ಅವಳಿಗೇ ಗೊತ್ತಾಗಲಿಲ್ಲ.

ಫಂಗಸ್‌ನ ಔಷಧಿ ಹನಿ ಹನಿಯಾಗಿ ಇಳಿಯಿತು. ಜ್ವರ ತಗ್ಗಿತು. ಅವಳು ಕಳೆದುಕೊಂಡಿದ್ದ ಧೈರ್ಯವನ್ನು ಮತ್ತೆ ಕೂಡಿಸಿಕೊಳ್ಳುವಷ್ಟರಲ್ಲಿ ಹೊಸ ರಕ್ತ ಪರೀಕ್ಷೆ ಬಂತು. ಓಡಿಸಿದ್ದೇವೆ ಅಂದುಕೊಂಡಿದ್ದ ಕೆಟ್ಟ ಕಣಗಳು ಮತ್ತೆ ಬಂದಿದ್ದವು.

"ಇನ್ನೊಂದು ಸುತ್ತು ಕೊಡಬಹುದಲ್ವಾ ಡಾಕ್ಟ್ರೇ? ನಾಲ್ಕನೇದು ಬಾಕಿ ಇದೆ..."

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. "ಈ ಮೈ ಅದನ್ನ ತಡೆಯಲ್ಲಮ್ಮ. ಕೊಟ್ಟರೆ ಕೀಮೋನೇ ಅವರನ್ನ ತಗೊಂಡು ಹೋಗುತ್ತೆ. ಮನೆಗೆ ಕರ್ಕೊಂಡು ಹೋಗಿ. ನೋವಿಗೆ ಔಷಧಿ ಕೊಡ್ತೀನಿ. ಏನು ಇಷ್ಟವೋ ತಿನ್ನಲಿ, ಯಾರು ಬೇಕೋ ಬರ್ಲಿ. ಇನ್ನು ಯಾವುದಕ್ಕೂ ಕಟ್ಟುನಿಟ್ಟು ಬೇಡ."

ಕಟ್ಟುನಿಟ್ಟು ಬೇಡ! ಇಷ್ಟು ದಿನ ಅವಳು ಈ ಮಾತಿಗಾಗಿಯೇ ಹಂಬಲಿಸಿದ್ದಳು. ಅದು ಹೀಗೆ ಬರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಅಪ್ಪನಿಗೆ ಹೇಗೆ ಹೇಳುವುದು ಎಂದು ಬಾಗಿಲಲ್ಲೇ ನಿಂತಳು. ಅವರು ಅವಳ ಮುಖ ನೋಡಿಯೇ ಓದಿಕೊಂಡರು.

"ಬಾ ಪುಟ್ಟಿ, ಕೂತ್ಕೋ. ನಾನೂ ಒಂದು ಹೇಳ್ಬೇಕು." ಮಾತಿನ ನಡುನಡುವೆ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಅವನು ಬರ್ತಾನೇ ಇಲ್ವಲ್ಲ. ನೀನು ಓಡಿಸಿದೆಯಂತೆ, ನರ್ಸಮ್ಮ ಹೇಳಿದ್ರು."

"ಅವರ ಮಾತು ಬೇಡ ಅಪ್ಪಾ."

"ಬೇಕು. ಅವನು ಆ ಬಾಗಿಲನ್ನ ಕಳಚಿ ಬೀದಿ ತುದಿಗೆ ಹೊತ್ಕೊಂಡು ಹೋಗಿ ಕೀಸಿದ. ಒದ್ದೆ ಬಟ್ಟೇಲಿ ಒರೆಸಿ, ಬಿಸಿಲಿಗಿಟ್ಟು, ಆಮೇಲೆ ತಂದು ಕೂರಿಸಿದ. ಆ ಪುಡಿ ಬಾಗಿಲಿಂದಲ್ಲ ಕಣಮ್ಮ. ನನ್ನ ಚಪ್ಪಲಿದು."

ಅವಳಿಗೆ ಅರ್ಥವಾಗಲಿಲ್ಲ.

"ಕೀಮೋಗಳ ನಡುವೆ ಸ್ವಲ್ಪ ಚೇತರಿಸ್ಕೊಂಡ ದಿನ, ನೀನು ಅಂಗಡಿಗೆ ಹೋಗಿ, ಅವನು ಗಿರಾಕಿ ಮನೆಗೆ ಹೋದಾಗ... ನಾನು ಶೆಡ್ಡಿಗೆ ಹೋಗ್ತಿದ್ದೆ. ಮೂರನೇ ಸುತ್ತಿನ ಮೇಲೂ ಗೋಡೆ ಹಿಡ್ಕೊಂಡು ಹೋದೆ. ಮಾಸ್ಕ್ ಹಾಕಿದ್ರೆ ಉಸಿರು ಕಟ್ಟುತ್ತೆ ಅಂತ ತೆಗೆದಿಟ್ಟು, ಸ್ಯಾಂಡ್ ಪೇಪರ್ ಉಜ್ಜುತ್ತಾ ಕೂರ್ತಿದ್ದೆ. ಆ ಪುಡಿ ನೋಡಿದ ಗಳಿಗೇಲೇ ಅವನಿಗೆ ಗೊತ್ತಾಗಿಹೋಯ್ತು. ಮರುದಿನ ಕಿಟಕಿ ಹತ್ರ ನಿಂತು ನನಗೆ ಬೈದ ಬೈಗುಳ... ನಮ್ಮಪ್ಪನೂ ಹಾಗೆ ಬೈದಿರಲಿಲ್ಲ. ಪುಟ್ಟಿಗೆ ಹೇಳ್ಬೇಡ ಅಂತ ನಾನೇ ಮಾತು ತಗೊಂಡೆ."

"ಯಾಕಪ್ಪಾ? ಯಾಕೆ ಹೋದ್ರಿ? ಏನು ಉಜ್ಜುತ್ತಿದ್ರಿ?"

"ಒಂದು ಕುರ್ಚಿ." ಅಪ್ಪ ಅವಳು ಕೂತಿದ್ದ ಸ್ಟೂಲನ್ನು ಕಣ್ಣಲ್ಲೇ ತೋರಿಸಿದರು. "ಊರಿಗೆಲ್ಲ ಕುರ್ಚಿ ಮಾಡಿಕೊಟ್ಟೋನು ನಾನು. ನನ್ನ ಮಗಳು ಇದರ ಮೇಲೆ ಕೂತು, ಕಂಬಿಗೆ ತಲೆ ಕೊಟ್ಟು ಮಲಗ್ತಿದ್ದಳು. ನನಗೆ ಹೇಗೆ ನೋಡ್ಕೊಂಡಿರೋಕಾಗುತ್ತೆ?"

ಅವಳು ಎದ್ದು ನಿಂತಳು.

"ಒಂದು ಕುರ್ಚಿಗೋಸ್ಕರ! ನನಗೆ ಕುರ್ಚಿ ಯಾಕಪ್ಪಾ? ನನಗೆ ನೀವು ಬೇಕಿತ್ತು!"

ಹಿಡಿಯಷ್ಟಾಗಿದ್ದ ಅಪ್ಪ ಮಗುವಿನಂತೆ ಕಣ್ಣು ತುಂಬಿಕೊಂಡು ಮಲಗಿದ್ದರು. ಅವಳು ಹೊರಗೋಡಿದಳು. ನಲ್ಲಿ ಬಿಟ್ಟು ಅಭ್ಯಾಸಬಲದಿಂದ ಕೈಗೆ ಸೋಪು ಹಚ್ಚಿದಳು. ತಿಕ್ಕುತ್ತಲೇ ಇದ್ದಳು. ಅಷ್ಟು ಕಾಪಾಡಿದೆ, ಅಷ್ಟು ಒರೆಸಿದೆ... ಅಪ್ಪನ ಕೈಯನ್ನು ಮಾತ್ರ ಮರದಿಂದ ತಪ್ಪಿಸಲಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು ಅಪ್ಪನ ಎದೆಯ ಮೇಲೆ ತಲೆಯಿಟ್ಟಳು. ಅವರ ಒರಟು ಅಂಗೈ ಅವಳ ಬೆನ್ನು ಸವರಿತು.

ಬಡಗಿಯ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅವಳು ಹೋದಾಗ ಅವನು ಬಾಗಿ ಹಲಗೆ ಕೀಸುತ್ತಿದ್ದ. ನೆರಳು ಬಿದ್ದು ತಲೆಯೆತ್ತಿದವನೇ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಎರಡೂ ಕೈ ಮೇಲೆತ್ತಿದ.

"ಹತ್ರ ಬರಬೇಡಿ ಮೇಡಂ! ಮೈಯೆಲ್ಲ ಧೂಳು. ನೀವು ಹಾಗೇ ಮೇಸ್ತ್ರಿ ಹತ್ರ ಹೋದ್ರೆ..."

"ಇನ್ನು ಪರವಾಗಿಲ್ಲ."

"ಅಂದ್ರೆ?"

"ಧೂಳಾದ್ರೂ ಪರವಾಗಿಲ್ಲ ಅಂದ್ರು ಡಾಕ್ಟ್ರು. ಇನ್ನು... ಏನಾದ್ರೂ ಪರವಾಗಿಲ್ಲ ಅಂತೆ."

ಅವನಿಗೆ ಅರ್ಥವಾಯಿತು. ಎತ್ತಿದ ಕೈಗಳು ನಿಧಾನವಾಗಿ ಕೆಳಗಿಳಿದವು. ಅವಳು ಹೋಗಿ ಆ ಧೂಳಿನ ಅಂಗಿಗೇ ಮುಖ ಒತ್ತಿದಳು. ಅವನು ಮೊದಲು ಮುಟ್ಟಲೋ ಬೇಡವೋ ಎಂಬಂತೆ ನಿಂತ. ಆಮೇಲೆ ಎರಡೂ ತೋಳಿನಿಂದ ಅವಳನ್ನು ಬಳಸಿ ಹಿಡಿದುಕೊಂಡ. ಇಬ್ಬರೂ ಅತ್ತರು.

"ಯಾಕೆ ಸುಮ್ನಿದ್ರಿ? ಅಷ್ಟು ಜನರ ಮುಂದೆ ಬೈದೆನಲ್ಲ... ನಾನಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಅವರ ಮೇಲೆ ಕೋಪ ಮಾಡ್ಕೋತಿದ್ರಿ. ಇರೋ ಸ್ವಲ್ಪ ದಿನ ಅಪ್ಪನ ಮೇಲೆ ಮುನಿಸ್ಕೊಂಡು ಕಳೆದ್ರೆ, ಆಮೇಲೆ ನಿಮ್ಮನ್ನ ನೀವೇ ಕ್ಷಮಿಸ್ಕೋತಿರಲಿಲ್ಲ. ನನ್ನ ಮೇಲಾದ್ರೆ ಎಷ್ಟು ದಿನ ಬೇಕಾದ್ರೂ ಕೋಪ ಇಟ್ಕೋಬಹುದು. ನಾನೆಲ್ಲೂ ಹೋಗಲ್ಲ."

"ನನ್ನನ್ನ ಕ್ಷಮಿಸ್ತೀರಾ?"

"ನೀವು ಮೊದಲ ದಿನ ಬೈದಾಗಲೇ ಕ್ಷಮಿಸಿಬಿಟ್ಟಿದ್ದೀನಿ. ಅವತ್ತೇ ಇಷ್ಟ ಆಗಿಹೋದ್ರಿ. ಹೇಳೋ ಹೊತ್ತಲ್ಲ ಇದು... ಆದ್ರೂ ಬಾಯಿಗೆ ಬಂದ್ಬಿಡ್ತು."

ಅವಳು ತಲೆ ಎತ್ತಲಿಲ್ಲ. ಅವನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಅಪ್ಪನನ್ನು ಮನೆಗೆ ಕರೆತಂದರು. ಈ ಸಲ ಟ್ಯಾಕ್ಸಿಯಿಂದ ಅವರನ್ನು ಎತ್ತಿ ಇಳಿಸಿದವನು ಬಡಗಿಯೇ. ಶೆಡ್ಡಿನ ಮೂಲೆಯ ಬಟ್ಟೆ ಸರಿಸಿ ಕುರ್ಚಿಯನ್ನು ಹೊತ್ತು ತಂದು ಮಂಚದ ಪಕ್ಕದಲ್ಲೇ ಇಟ್ಟ. ಎತ್ತರದ ಬೆನ್ನು, ಕೈಯೂರಲು ಅಗಲವಾದ ತೋಳು. ಒಂದು ಕಾಲು ಮಾತ್ರ ಇನ್ನೂ ಒರಟಾಗಿತ್ತು.

"ಇಲ್ಲೇ ಕೀಸೋ," ಎಂದರು ಮೇಸ್ತ್ರಿ. "ನನಗೆ ಸದ್ದು ಕೇಳ್ಬೇಕು."

ಉಜ್ಜುಗೊರಡು ಮರದ ಮೇಲೆ ಸರಿಯಿತು. ತೆಳ್ಳನೆಯ ಸುರುಳಿಗಳು ನೆಲಕ್ಕೆ ಬಿದ್ದವು. ಒಂದು ಕಾಲದಲ್ಲಿ ಒಂದು ಚಿಟಿಕೆ ಪುಡಿಗೆ ಮನೆ ತಲೆಕೆಳಗು ಮಾಡಿದವಳು ಈಗ ಸುಮ್ಮನೆ ನೋಡುತ್ತ ಕುಳಿತಿದ್ದಳು. ಅವಳ ಅಪ್ಪ ಮೂಗರಳಿಸಿ ಮರದ ವಾಸನೆ ಹೀರುತ್ತಿದ್ದರು.

"ಕೈ ಓಡಿಸ್ಬೇಡ. ನಿಧಾನ... ಹಾಂ. ಇಷ್ಟು ವರ್ಷ ಹೇಳಿಕೊಟ್ಟೆ, ಇನ್ನೂ ಬುದ್ಧಿ ಬಂದಿಲ್ಲ."

"ಬರ್ತಿತ್ತು ಮೇಸ್ತ್ರೀ. ನೀವು ಬೈಯೋದು ನಿಲ್ಲಿಸ್ತೀರಲ್ಲ ಅಂತ ಬರಿಸ್ಕೊಳ್ಳಲಿಲ್ಲ."

ಮೇಸ್ತ್ರಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯ ತೋಳನ್ನು ಅಂಗೈಯಲ್ಲಿ ಸವರಿ ನೋಡಿ ತಲೆಯಾಡಿಸಿದರು.

"ಕೂತ್ಕೋ ಪುಟ್ಟಿ. ಬೆನ್ನು ಹಿಂದಕ್ಕೆ ಕೊಡು."

ಕೊಟ್ಟಳು. ಸೊಂಟ ಎಲ್ಲಿ ನೋಯುತ್ತಿತ್ತೋ ಸರಿಯಾಗಿ ಅಲ್ಲಿಗೇ ಮರ ಬಂದು ಆತುಕೊಂಡಿತು.

"ಅಳತೆ ಯಾವಾಗ ತಗೊಂಡ್ರಿ ಅಪ್ಪಾ?"

"ಹುಟ್ಟಿದಾಗಿನಿಂದ ನೋಡ್ತಿದ್ದೀನಿ. ಬೇರೆ ಅಳತೆ ಯಾಕೆ?"

ಕೆಲವು ದಿನಗಳ ನಂತರದ ಒಂದು ಮಧ್ಯಾಹ್ನ. ಅವಳು ಅಪ್ಪನ ಕೈ ಹಿಡಿದು ಆ ಕುರ್ಚಿಯಲ್ಲಿ ಕುಳಿತಿದ್ದಳು. ಕಣ್ಣು ಯಾವಾಗ ಮುಚ್ಚಿಕೊಂಡಿತೋ ತಿಳಿಯಲಿಲ್ಲ. ತಿಂಗಳುಗಳಿಂದ ಬಾರದಿದ್ದ ಗಾಢ ನಿದ್ದೆ. ಎಚ್ಚರವಾದಾಗ ಅವಳ ಕೈಯೊಳಗಿನ ಕೈ ತಣ್ಣಗಿತ್ತು.

"ಅಪ್ಪಾ...? ಅಪ್ಪಾ!"

ಅವಳ ಕೂಗಿಗೆ ಬಡಗಿ ಓಡಿ ಬಂದ.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಖಾಲಿ ಮಂಚ ಉಳಿಯಿತು. ಅವಳು ಆ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಮುದುರಿ ಕುಳಿತಿದ್ದಳು. ಬಡಗಿ ತಂದ ಟೀ ಆರಿಹೋಗಿತ್ತು.

"ನಾನು ನಿದ್ದೆ ಮಾಡ್ಬಿಟ್ಟೆ," ಎಂದಳು. "ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅವರು ಹೋಗೋ ಗಳಿಗೇಲಿ ನಿದ್ದೆ ಮಾಡ್ತಿದ್ದೆ. ನಾನೆಂಥ ಮಗಳು?"

ಅವನು ಎದುರಿಗೆ ಬಂದು ಕುಳಿತ. "ಕಿಟಕಿ ಹತ್ರ ನಿಂತು ನಾವಿಬ್ಬರೂ ಏನು ಮಾತಾಡ್ತಿದ್ವಿ ಅಂತ ಕೇಳ್ತಿದ್ರಲ್ಲ. ಮೇಸ್ತ್ರೀದು ದಿನಾ ಅದೇ ಮಾತು. ನನ್ನ ಮಗಳು ನಿದ್ದೆ ಮಾಡೋದೇ ಇಲ್ಲ ಕಣೋ, ಅವಳು ಒಂದ್ಸಲ ನೆಮ್ಮದಿಯಾಗಿ ಮಲಗಿದ್ದನ್ನ ನೋಡ್ಬೇಕು ಅಂತ. ಅದಕ್ಕೇ ಕುರ್ಚಿ ಕೆಲಸ ಹಿಡಿದಿದ್ದು. ಅವರು ನೋಡಿಕೊಂಡೇ ಹೋದ್ರು."

ಅವಳು ತಡೆದಿಟ್ಟುಕೊಂಡಿದ್ದ ಅಳುವೆಲ್ಲ ಒಮ್ಮೆಲೇ ಹೊರಬಂತು. ಅಳು ತಾನಾಗಿ ನಿಲ್ಲುವವರೆಗೂ ಅವನು ಅಲ್ಲೇ ಕುಳಿತಿದ್ದ.

ಕೊನೆಗೆ ಅವಳು ಎದ್ದು ಕುರ್ಚಿಯಲ್ಲಿ ಕುಳಿತಳು. ಬೆನ್ನು ಹಿಂದಕ್ಕೆ ಕೊಟ್ಟಳು. ತೋಳಿನ ಮೇಲೆ ಅಪ್ಪ ಸವರಿದ್ದ ಜಾಗವನ್ನೇ ಸವರಿದಳು.

"ರೀ..." ಎಂದಳು, ಮೆಲ್ಲಗೆ.

ಮೇಡಂ ಆಗಿದ್ದವಳ ಬಾಯಲ್ಲಿ ಆ ಕರೆ ಕೇಳಿ ಅವನು ಕತ್ತೆತ್ತಿದ.

"ಇನ್ನೊಂದು ಕುರ್ಚಿ ಮಾಡ್ತೀರಾ?"

"ಮಾಡ್ತೀನಿ. ಯಾರಿಗೆ?"

"ನನ್ನ ಪಕ್ಕ ಕೂರೋರಿಗೆ."

ಅವನು ಕುರ್ಚಿಯ ಹತ್ತಿರಕ್ಕೆ ಸರಿದ. "ಅಳತೆ?"

"ನಿಮ್ಮದೇ ತಗೊಳ್ಳಿ."